ಹೊಗೆಗೂ ಬೆಂಕಿಗೂ ಜಗ್ಗದ್ದು

ಅಮೆರಿಕದ ಮಿಶಿಗನ್ನಿನ ಒಂದು ಕೆರೆಯ ಮೇಲಿನ ಹಿಮಗಡ್ಡೆ ಆಗಷ್ಟೇ ಒಡೆದಿತ್ತು. ಬೆಳಗಿನ ಮಂಜು ಹಾಲಿನ ಕೆನೆಯಂತೆ ತೇಲುತ್ತಿತ್ತು. ದಡವೆಲ್ಲಿ ಮುಗಿಯಿತು, ನೀರೆಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಆ ಮಸುಕಿನೊಳಗೆ ಕುಳಿತು ಓಜಿಬ್ವೆ ಬುಡಕಟ್ಟಿನ ವರ್ನಜ್ಜಿ ಮೀನು ಸೀಳುತ್ತಿದ್ದಳು. ವಸಂತದ ಮೊದಲ ಮೀನು ಬಸುರಿಗೆ ಎನ್ನುವುದು ಆ ಮನೆಯ ರೂಢಿ. ಸೊಸೆ ಜೋಲೀನ್ ಏಳು ತಿಂಗಳ ಬಸುರಿ.

ಅಜ್ಜಿಯ ಅಣ್ಣನ ಮಗಳು ಮಾರ್ಲಾ ಬಂದು ಪಕ್ಕದಲ್ಲಿ ಕೂತಳು. ಬುಡಕಟ್ಟಿನ ಮೀನು ಸಾಕಣೆ ಕೇಂದ್ರದಲ್ಲಿ ಅವಳಿಗೆ ಕೆಲಸ. ಈ ಕೆರೆಯ ಮೀನನ್ನು ಜೋಲೀನ್‌ಗೆ ಕೊಡಬೇಡ ಎಂದಳು. ತೊರೆಯ ಮೇಲ್ಭಾಗದ ಹಳೆಯ ವಿಮಾನ ಮೈದಾನದಲ್ಲಿ ಬೆಂಕಿ ಆರಿಸುವ ನೊರೆಯನ್ನು ವರ್ಷಗಟ್ಟಲೆ ಸುರಿದಿದ್ದರಂತೆ. ಅದರಲ್ಲಿದ್ದ ಫ್ಲೋರಿನ್ ರಾಸಾಯನಿಕ ಮಣ್ಣಿಗಿಳಿದು ಕೆರೆಗೂ ಬಂದಿತ್ತು. ನೀರಿನಲ್ಲಿ ಚೂರೇ ಚೂರು. ಹುಳದಲ್ಲಿ ಅದಕ್ಕಿಂತ ಹೆಚ್ಚು, ಹುಳ ತಿಂದ ಮೀನಿನಲ್ಲಿ ಇನ್ನೂ ಹೆಚ್ಚು.

ವರ್ನಜ್ಜಿ ನಕ್ಕಳು. ಹಿಂದೆ ಸರ್ಕಾರದವರು ಬೇರೊಂದು ವಿಷದ ಮಾತು ಹೇಳಿ, ಕೊಬ್ಬು, ಚರ್ಮ ತೆಗೆದು ತಿನ್ನಿ ಎಂದಾಗಿನಿಂದ ಅವಳ ಚಾಕು ತಪ್ಪಿದ್ದಿಲ್ಲ.

"ಕೊಬ್ಬು ತೆಗ್ದೆ, ಚರ್ಮ ತೆಗ್ದೆ. ಇನ್ನು ಮೀನು ಅನ್ನೋ ಹೆಸರೊಂದು ಉಳಿದಿದೆ, ಅದನ್ನೂ ತೆಗೀಲಾ?"

"ಆ ವಿಷ ಕೊಬ್ಬಲ್ಲಿ ಕೂರ್ತಿತ್ತು, ಅತ್ತೆ. ಇದು ರಕ್ತದಲ್ಲಿ, ಲಿವರ್‌ನಲ್ಲಿ, ನೀನು ಬಡಿಸೋ ಮಾಂಸದಲ್ಲೇ ಕೂರುತ್ತೆ."

ಮೀನಿನ ಹೊಟ್ಟೆಗೆ ಹೋದದ್ದು ಅಲ್ಲೇ ಅರಗುತ್ತದೆ, ಮಿಕ್ಕಿದ್ದನ್ನು ಮೀನು ಒಣಗಿಸುವ ಹೊಗೆ ನೋಡಿಕೊಳ್ಳುತ್ತದೆ ಎಂದು ಅಜ್ಜಿ ವಾದಿಸಿದಳು. ಮಾರ್ಲಾ ಪಕ್ಕದ ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದಳು.

"ಕಟ್ಟಿಗೆ ಸುಟ್ರೆ ಬೂದಿ. ಬೂದಿ ಸುಟ್ರೆ ಏನಾಗುತ್ತೆ? ಈ ನೊರೆಯ ರಾಸಾಯನಿಕಗಳಲ್ಲಿ ಕೆಲವನ್ನ ಮೀನಿನ ಲಿವರ್ ಮುರಿಯುತ್ತೆ, ನಿಜ. ಮುರಿದು ಉಳಿಯೋ ತುಂಡು ಮಾತ್ರ ಮುರಿಯಲ್ಲ. ಹೊಗೆಗೂ ಜಗ್ಗಲ್ಲ, ಕುದಿಯೋ ಸಾರಿಗೂ ಜಗ್ಗಲ್ಲ."

ಅಜ್ಜಿಯ ಕೈ ನಿಂತಿತು. ಮಂಜಿನೊಳಗೆ ಮೀನುಗಳು ಸದ್ದಿಲ್ಲದೆ ಈಜುತ್ತಿರುವಂತೆ ಅವಳಿಗೆ ಕಂಡಿತು. ಜೋಲೀನಳ ಮಗುವೂ ಈಗ ಹಾಗೆಯೇ, ತನ್ನ ಪುಟ್ಟ ಕತ್ತಲ ನೀರಿನಲ್ಲಿ.

"ಹೊಟ್ಟೇಲಿ ಮಗು ಇರೋ ಆ ನೀರಿಗೂ ಸೇರುತ್ತಾ?"

"ಸೇರುತ್ತೆ, ಅತ್ತೆ."

ಅಜ್ಜಿ ಚಾಕು ಕೆಳಗಿಟ್ಟು ಮೆಲ್ಲಗೆ, "ನನ್ನ ಕೆರೇನ ಕಿತ್ಕೊಂಡ್ರಲ್ಲೇ," ಎಂದಳು. ಮಾರ್ಲಾ ಸುಳ್ಳು ಸಮಾಧಾನ ಹೇಳಲಿಲ್ಲ. ಶುದ್ಧ ನೀರಿನಲ್ಲಿ ಮೀನು ಈ ವಿಷವನ್ನು ನಿಧಾನವಾಗಿ ಹೊರಹಾಕುತ್ತದೆ. ಈ ಕೆರೆ ತಿಳಿಯಾಗಲು ಮಾತ್ರ ಬಹುಕಾಲ ಬೇಕು. ಮೈದಾನಕ್ಕಿಂತ ಮೇಲಿರುವ ಚಿಕ್ಕ ಕೆರೆಯ ಮೀನನ್ನು ಪರೀಕ್ಷಿಸಿದ್ದಾರೆ, ಅದು ಚೊಕ್ಕವಾಗಿದೆ ಎಂದಳು.

ಅಷ್ಟರಲ್ಲಿ ಜೋಲೀನ್ ಸೊಂಟಕ್ಕೆ ಕೈಯಿಟ್ಟು ಮನೆಯಿಂದ ಹೊರಬಂದು, ಸಾರು ಆಯಿತೇ ಎಂದು ಕೇಳಿದಳು.

"ಇವತ್ತಿಲ್ಲ ಮಗಳೇ," ಎಂದು ವರ್ನಜ್ಜಿ ಸೀಳಿದ ಮೀನನ್ನು ಅವಳಿಂದ ದೂರ ಸರಿಸಿದಳು. "ಮಾರ್ಲಾ, ದೋಣಿ ಹಿಡಿ. ನಿನ್ನ ಚಿಕ್ಕ ಕೆರೇಲಿ ಏನು ಸಿಗುತ್ತೋ ನೋಡೇಬಿಡೋಣ."

ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಕೆರೆಗೂ ಎಲ್ಲಿಂದಲೋ ನೀರು ಬರುತ್ತದೆ. ಮೇಲೆ ಕಾರ್ಖಾನೆಯಿದೆಯೋ, ವಿಮಾನ ಮೈದಾನವಿದೆಯೋ ತಿಳಿದುಕೊಳ್ಳಿ. ಮೀನನ್ನು ಪರೀಕ್ಷಿಸಿದ್ದಾರೆಯೇ ಎಂದು ಕೇಳಿ; ಇಲ್ಲವೆಂದರೆ ನಾಲ್ಕು ಜನ ಸೇರಿ ಪರೀಕ್ಷೆ ಮಾಡಿಸಿ. ಮೀನು ಒಳ್ಳೆಯ ಊಟ, ಅದನ್ನು ಬಿಡಬೇಡಿ. ಅದು ಬಂದ ನೀರನ್ನು ವಿಚಾರಿಸಿ. ಕೇಳಲು ನಾಚಿಕೆಯಾದರೆ, ಹುಟ್ಟಲಿರುವ ಮಗುವಿಗೆ ಬಾಯಿಲ್ಲವೆಂದು ನೆನೆದು ಕೇಳಿ.