ಸಂತೆ ಓಣಿಯ ಓಟು

ಉಮಾಶ್ರೀಗೆ ಇನ್ನೂ ಇಪ್ಪತ್ಮೂರು. ವಾರ್ಡು ಮಹಿಳೆಯರಿಗೆ ಮೀಸಲಾದಾಗ ದೊಡ್ಡಪ್ಪ ಮಹಾಂತಪ್ಪನವರೇ ಅವಳನ್ನು ನಿಲ್ಲಿಸಿ ಗೆಲ್ಲಿಸಿದ್ದರು. ಅವರ ಮನೆತನದಲ್ಲಿ ಹಿರಿಯರ ಎದುರು ಹೆಣ್ಣುಮಕ್ಕಳು ಕುರ್ಚಿಯ ಮೇಲೆ ಕೂರುವ ರೂಢಿಯಿಲ್ಲ. ಪುರಸಭೆಯ ಮೊದಲ ಸಭೆಯಲ್ಲಿ ಅವಳು ಮರ್ಯಾದೆಗೆಂದು ನಿಂತಳು, ಜೊತೆಗೆ ಬಂದಿದ್ದ ದೊಡ್ಡಪ್ಪ ಅವಳ ಕುರ್ಚಿಯಲ್ಲಿ ಕುಳಿತರು. ಅಂದು ಕುಳಿತವರು ಮತ್ತೆ ಏಳಲಿಲ್ಲ. ಬರಬರುತ್ತ ಅವಳನ್ನು ಕರೆತರುವುದನ್ನೂ ಬಿಟ್ಟರು. ಊರು ಅವರನ್ನೇ 'ಮೆಂಬರ್ ಸಾಹೇಬ್ರ' ಎಂದು ಕರೆಯಿತು.

ಇವತ್ತಿನ ಸಭೆಗೆ ಅವಳು ತಾನಾಗಿಯೇ ಬಂದಿದ್ದಳು. ಸಂತೆ ಓಣಿಯ ಹೆಂಗಸರ ಶೌಚಾಲಯ ಕೆಡವಿ ಮಳಿಗೆ ಕಟ್ಟುತ್ತಾರಂತೆ ಎಂಬ ಸುದ್ದಿ ಬೆಳಿಗ್ಗೆ ನಳದ ಹತ್ತಿರ ಕಿವಿಗೆ ಬಿದ್ದಿತ್ತು. ಚಚಡಿ, ಮುನವಳ್ಳಿ ಕಡೆಯಿಂದ ಕಾಯಿಪಲ್ಯೆ ತಂದು ಮಾರುವ ಹೆಂಗಸರಿಗೆ ಇಡೀ ಪೇಟೆಯಲ್ಲಿ ಇದ್ದದ್ದು ಅದೊಂದೇ. ಅದೂ ಹೋದರೆ ಮುಂಜಾನೆಯಿಂದ ಸಂಜೆಯವರೆಗೆ ಅವರು ಗುಟುಕು ನೀರೂ ಕುಡಿಯದೆ ಕೂರಬೇಕು.

"ನೀ ಯಾಕ ಬಂದೀಬೇ?" ದೊಡ್ಡಪ್ಪ ಕುಳಿತಲ್ಲಿಂದಲೇ ನಕ್ಕರು. "ಬಿಸಲಾಗ ಅಡ್ಡಾಡಿ ಮಾರಿ ಕಪ್ಪ ಮಾಡ್ಕೊಂಡ್ರ, ನೋಡಾಕ ಬಂದ ವರ ಓಡಿ ಹೋದಾನು!"

ಸಭೆ ಘೊಳ್ಳೆಂದಿತು. ಎದುರು ಪಕ್ಷದ ಹಿರಿಯ ಸದಸ್ಯೆ ಸಾವಿತ್ರೆವ್ವ ಮಾತ್ರ ನಗಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ಎತ್ತಿ ಕಾಲ ಬಳಿ ಇಟ್ಟುಕೊಂಡರು. ಉಮಾಶ್ರೀ ಹೋಗಿ ಅಲ್ಲಿ ಕುಳಿತಳು, ದೊಡ್ಡಪ್ಪನ ಕಣ್ಣೆದುರಿಗೇ. ನಗೆ ನಿಂತಿತು.

ಮುಖ್ಯಾಧಿಕಾರಿ ವಿಷಯ ಓದಿದರು. "ಒಪ್ಪಿದವ್ರು ಕೈ ಎತ್ರಿ."

ದೊಡ್ಡಪ್ಪನ ಕೈಯೇ ಮೊದಲು ಮೇಲೆ ಹೋಯಿತು. ಅಧಿಕಾರಿ ಅದನ್ನೂ ಎಣಿಸಿದರು. "ಅರ್ಧಕ್ಕಿಂತ ಒಂದ ಕೈ ಹೆಚ್ಚ ಐತಿ. ಪಾಸ್."

ಉಮಾಶ್ರೀಯ ಮೈಯೆಲ್ಲ ಉರಿಯಿತು. ದಡದಡ ನಡೆದು ಹೋಗಿ ಆ ಕೈಯನ್ನು ಹಿಡಿದು ಮೇಜಿಗೆ ಇಳಿಸಿದಳು. ಹಬ್ಬಕ್ಕೆ ಅವರ ಕಾಲು ಮುಟ್ಟುತ್ತಿದ್ದಳೇ ಹೊರತು ಕೈ ಮುಟ್ಟಿದವಳಲ್ಲ.

"ಈ ಓಟು ನಂದ್ರಿ ದೊಡ್ಡಪ್ಪ. ನಾ ಒಪ್ಪಂಗಿಲ್ಲ."

"ಯಾರ ಮುಂದ ಮಾತಾಡಾಕ ಹತ್ತೀ? ಸೀಟು ಕೊಡಿಸಿದಾಂವ ನಾ!"

"ನೀವು ಗಂಡಸ್ರು ಗ್ವಾಡಿ ಮರಿಗೆ ನಿಂದರ್ತೀರಿ. ಆ ಹೆಣ್ಮಕ್ಕಳು ಎಲ್ಲಿ ಹೋಗ್ಬೇಕ್ರಿ? ನಿಮ್ಮನಿಗೆ ಕಳಸ್ಲೇನ್ರಿ?"

ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಅವಳು ಅಧಿಕಾರಿಯ ಕಡೆ ತಿರುಗಿದಳು. "ಸಾಹೇಬ್ರ, ನೀವು ಓದಿದವ್ರು. ಮೆಂಬರ್ ಅಲ್ಲದವ್ರ ಕೈ ಹೆಂಗ ಎಣಿಸಿದ್ರಿ?"

ಅವರು ತಲೆ ತಗ್ಗಿಸಿ ಮತ್ತೊಮ್ಮೆ ಎಣಿಸಿದರು. ಉಮಾಶ್ರೀ ವಿರುದ್ಧವಾಗಿ ಕೈ ಎತ್ತಿದಳು. ವಿಷಯ ಬಿದ್ದುಹೋಯಿತು.

ದೊಡ್ಡಪ್ಪ ಟವೆಲ್ಲು ಹೆಗಲಿಗೆ ಎಸೆದುಕೊಂಡು ಎದ್ದರು. "ಮನಿಗೆ ಬಾ. ಅಲ್ಲಿ ನೋಡ್ಕೋತೇನಿ."

"ಬರತೇನ್ರಿ. ಅಲ್ಲೂ ಮಾತಾಡೂದು ಭಾಳ ಐತಿ."

ಅವರು ಬಾಗಿಲು ದಾಟುವವರೆಗೂ ಅವಳು ಕಾಯಲಿಲ್ಲ.

"ಮುಂದಿನ ವಿಷಯ ಓದ್ರಿ ಸಾಹೇಬ್ರ," ಎಂದಳು. ದನಿಯಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು.