ಮೂರು ಪಿನ್ನಿನ ಮನೆ

ಮೊಂಡ ಬೆಳಗಿನಿಂದ ಹುಲ್ಲಿಗೆ ಬಾಯಿ ಹಾಕಿರಲಿಲ್ಲ, ಹಿಕ್ಕೆಯನ್ನೂ ಹಾಕಿರಲಿಲ್ಲ. ಹೆಸರಿಗೆ ತಕ್ಕ ಮೊಲ ಅದು. ಚಪ್ಪಲಿ, ಪರದೆ, ಪೊರಕೆ ಯಾವುದನ್ನೂ ಬಿಡದೆ ಕಡಿಯುವ ಪ್ರಾಣಿ. ಅಂಥದ್ದು ಈಗ ಪಶುವೈದ್ಯೆಯ ಮೇಜಿನ ಮೇಲೆ ಬೆನ್ನು ಗೂನು ಮಾಡಿಕೊಂಡು, ಹಲ್ಲು ಕಡಿಯುತ್ತ ಕೂತಿತ್ತು. ಪಕ್ಕದಲ್ಲಿ ಅದನ್ನು ಸಾಕಿದ ಹುಡುಗಿ. ಅವಳಿಂದ ಸ್ವಲ್ಪ ದೂರದಲ್ಲಿ, ಅವಳ ಅಮ್ಮನನ್ನು ಹೋದ ವರ್ಷ ಮದುವೆಯಾದ ಪಿನ್ನಿನವನು.

ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಮೂಲೆಗಳಿಗೆ ಪಿನ್ನು ಹೊಡೆಯುವುದು ಅವನ ಕೆಲಸ. ಹುಡುಗಿ ಅವನನ್ನು ಅಂಕಲ್ ಎನ್ನುತ್ತಿದ್ದಳು, ಅದೂ ತುಟಿಯಂಚಿನಲ್ಲಿ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅದೇ ದೊಡ್ಡದು. ನಾಲ್ಕು ಮಾತು ಬೆಳೆದದ್ದು ಈ ಮೊಲದ ಮನೆಯಿಂದಲೇ. ಬಣ್ಣವಿಲ್ಲದ, ಮೇಣ ಬಳಿಯದ ಸಾದಾ ರಟ್ಟನ್ನು ಆರಿಸಿ ತಂದು, ಕಿಟಕಿ ಕೊರೆದು, ಮೈದಾ ಅಂಟು ಕಾಸಿ, ಮೊಂಡನಿಗೊಂದು ಮನೆ ಕಟ್ಟಿದ್ದ.

"ಅಂಟಲ್ಲೇ ಮಾಡಿ, ಪಿನ್ನು ಗಿನ್ನು ಬೇಡ. ಮೊಲ ನುಂಗಿಬಿಟ್ರೆ ಅವಳು ನಿಮ್ಮ ಮುಖಾನೂ ನೋಡಲ್ಲ" ಎಂದು ಹೆಂಡತಿ ಮೊದಲೇ ಎಚ್ಚರಿಸಿದ್ದಳು.

ಅವನು ಹೂಂ ಎಂದಿದ್ದ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಬರೀ ಅಂಟಿನ ಮೂಲೆ ಅವನ ಕಣ್ಣಿಗೆ ಗುಂಡಿಯಿಲ್ಲದ ಅಂಗಿಯ ಹಾಗೆ ಕಂಡಿತು. ಹಿಂದಿನ ಮೂಲೆ ತುಸು ಬಾಯಿ ಬಿಟ್ಟದ್ದೇ ನೆಪವಾಯಿತು. ಕಾರ್ಖಾನೆಗೆ ಒಯ್ದು ಮೂರು ಪಿನ್ನು ಹೊಡೆದು, ಮೇಲೆ ಕಾಗದ ಅಂಟಿಸಿ, ಏನೂ ಅರಿಯದವನಂತೆ ತಂದುಕೊಟ್ಟಿದ್ದ.

ಇವತ್ತು ಮೊಲವನ್ನು ಬುಟ್ಟಿಯಲ್ಲಿಡುವಾಗ ನೋಡಿದರೆ ಆ ಮೂಲೆಯೇ ಇರಲಿಲ್ಲ. ಮೊಂಡ ತಿಂದು ಮುಗಿಸಿದ್ದ. ನೆಲವೆಲ್ಲ ತಡಕಿದರೂ ಒಂದು ಪಿನ್ನೂ ಸಿಗಲಿಲ್ಲ. ಯಾರಿಗೂ ಹೇಳದೆ ಬುಟ್ಟಿ ಎತ್ತಿಕೊಂಡು ಬಂದಿದ್ದ.

"ರಟ್ಟು ತಿಂದ್ರೆ ಸತ್ತೋಗುತ್ತಾ?" ಹುಡುಗಿ ಕೇಳಿದಳು.

"ಸಾದಾ ರಟ್ಟು ಕಡಿದ್ರೆ ಏನೂ ಆಗಲ್ಲಮ್ಮ, ಹಲ್ಲು ಸವೆಯುತ್ತೆ, ಒಳ್ಳೇದೇ. ಹರಿದು ಹರಿದು ಬಿಸಾಕ್ತವೆ. ನುಂಗೋಕೆ ಶುರು ಮಾಡಿದ್ರೆ ಮಾತ್ರ ಹೊಟ್ಟೇಲಿ ಕಟ್ಕೊಳ್ಳುತ್ತೆ." ವೈದ್ಯೆ ಮೊಲದ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರು. "ಕರುಳು ಆಡ್ತಾ ಇಲ್ಲ. ಓಡಿಸೋಕೆ ಇಂಜೆಕ್ಷನ್ ಕೊಡ್ತೀನಿ. ಟೇಪು, ಪಿನ್ನು ಏನೂ ಇರಲಿಲ್ಲ ತಾನೆ? ಚೂಪಾದದ್ದು ಒಳಗಿದ್ರೆ ಈ ಔಷಧಿಯಿಂದ ಕರುಳೇ ಕುಯ್ದೋಗುತ್ತೆ."

"ಇಲ್ಲ" ಎಂದಳು ಹುಡುಗಿ, ತಟ್ಟನೆ. "ಅಂಕಲ್ ಅಂಟಲ್ಲೇ ಮಾಡಿದ್ದು."

ಅವಳು ಅವನ ಪರವಾಗಿ ಮಾತಾಡಿದ್ದು ಅದೇ ಮೊದಲು. ಒಂದು ವರ್ಷದಿಂದ ಇದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದ. ಬಂದದ್ದು ಇಂಥ ಹೊತ್ತಿನಲ್ಲಿ! ಸುಮ್ಮನಿದ್ದರೆ ಮೊಲ ಬದುಕಿದರೂ ಬದುಕೀತು. ಸತ್ತರೆ ತಪ್ಪು ರಟ್ಟಿನ ತಲೆಗೆ ಹೋಗುತ್ತದೆ. ಬಾಯಿ ಬಿಟ್ಟರೆ ಅವಳು ಮತ್ತೆ ಕೈಗೆ ಸಿಗುವುದಿಲ್ಲ. ಸೂಜಿ ಮೊಂಡನ ಕತ್ತಿನ ಹತ್ತಿರ ಬಂತು.

"ಡಾಕ್ಟ್ರೇ, ನಿಲ್ಸಿ!" ಅವನ ದನಿ ಅವನಿಗೇ ಜೋರೆನಿಸಿತು. "ಪಿನ್ನಿತ್ತು. ಮೂರು. ನಾನೇ ಹೊಡೆದದ್ದು. ಇವಳಿಗೆ ಗೊತ್ತಿಲ್ಲ."

ವೈದ್ಯೆ ಸಿರಿಂಜು ಕೆಳಗಿಟ್ಟರು. ಅವನಿಗೆ ಹುಡುಗಿಯ ಕಡೆ ನೋಡುವ ಧೈರ್ಯ ಬರಲಿಲ್ಲ. ಜಿಪ್ ಎಳೆದ ಸದ್ದು ಕೇಳಿಸಿತು. ಅವಳು ಶಾಲೆಯ ಚೀಲದಿಂದ ಜಾಮಿಟ್ರಿ ಬಾಕ್ಸ್ ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು. ಪೆನ್ಸಿಲು, ರಬ್ಬರುಗಳ ನಡುವೆ ಡೊಂಕಾದ ಮೂರು ಪಿನ್ನು ಬಿದ್ದವು.

"ತಂದ ದಿನಾನೇ ಕಿತ್ತಿಟ್ಟೆ. ಕಾಗದದ ಮೇಲೆ ಕೈಯಾಡಿಸಿದ್ರೆ ಉಬ್ಬು ಸಿಕ್ತು" ಎಂದಳು ಹುಡುಗಿ. ಆಮೇಲೆ ದನಿ ತಗ್ಗಿಸಿ, "ಅಮ್ಮಂಗೆ ಗೊತ್ತಾದ್ರೆ ನಿಮ್ಗೆ ಬಯ್ತಾಳೆ ಅಂತ ಹೇಳ್ಲಿಲ್ಲ" ಎಂದಳು.

"ಹೊಡೆದದ್ದು ಮೂರೇ ತಾನೆ?" ವೈದ್ಯೆ ಅವನನ್ನೇ ದಿಟ್ಟಿಸಿದರು.

"ಮೂರೇ. ನನ್ನಾಣೆ."

ಸೂಜಿ ಇಳಿಯಿತು. ಮೊಲ ಮಿಸುಕಲೂ ಇಲ್ಲ. ಅಂಟು ಯಾವುದೆಂದು ವೈದ್ಯೆ ಕೇಳಿದಾಗ ಅವನು ಮೈದಾ ಎಂದ, ವಿಷವಿಲ್ಲದ್ದಿರಲಿ ಎಂದು ತಾನೇ ಕಾಸಿದ್ದು ಎಂದ.

"ಅದೇ ಮತ್ತೆ! ರುಚಿ ಹತ್ತಿ ಬಿಸಾಕೋ ಬದಲು ನುಂಗಿದೆ. ಕಾಯೋಣ. ಹಿಕ್ಕೆ ಹಾಕಿದ್ರೆ ಗೆದ್ದ ಹಾಗೆ."

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ಹುಡುಗಿಯ ಕೈ ಸೋತಾಗ ಮೊಂಡ ಅವನ ತೊಡೆಗೆ ಬಂದ. ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬಿಸಿಲು ಬೆಂಚಿನಿಂದ ಗೋಡೆಗೆ ಸರಿದ ಮೇಲೆ ಅವನ ಪ್ಯಾಂಟಿನ ಮೇಲೆ ಏನೋ ಉರುಳಿತು. ಮೆಣಸಿನ ಕಾಳಿನಷ್ಟು ಒಂದು ಹಿಕ್ಕೆ. ಹಿಂದೆಯೇ ಇನ್ನೊಂದು. ಗಂಡಸು ಅಳಬಾರದು ಎನ್ನುವವರು ಬಂದು ಆ ಬೆಂಚಿನಲ್ಲಿ ಕೂತು ನೋಡಲಿ.

"ಇನ್ನೊಂದು ಮನೆ ಮಾಡ್ಕೊಡಿ" ಎಂದಳು ಹುಡುಗಿ, ಅವನ ಪ್ಯಾಂಟು ಒರೆಸುತ್ತ. "ಅಂಟೂ ಬೇಡ, ಪಿನ್ನೂ ಬೇಡ, ಮಡಚಿ ಸಿಕ್ಕಿಸಿ ಸಾಕು. ಪಿನ್ನು ಹೊಡೆದ್ರೆ ಈ ಸಲ ಅಮ್ಮಂಗೆ ಹೇಳ್ತೀನಿ."

ಅವನು ಹೂಂ ಎಂದ.