ಶಂಕ್ರೆವ್ವ ತಿರುಗಿಸಿದ ಮನೆ

ಬೆಟಗೇರಿಯ ಶಂಕ್ರೆವ್ವನ ಮನೆಗೆ ಎರಡು ಬಾಗಿಲು. ಮುಂದಿನದು ಬೀದಿಗೆ, ಹಿಂದಿನದು ಎಮ್ಮೆ ಓಡಾಡುವ ಸಂದಿಗೆ. ಈ ಎರಡರ ನಡುವೆ ಮೊಮ್ಮಗಳು ಅಂಕಿತಾಳ ಒಂದನೇ ಇಯತ್ತೆ ಸಿಕ್ಕಿಹಾಕಿಕೊಂಡಿತ್ತು.

ಆಕೆ ಸೇರಬೇಕಿದ್ದದ್ದು ಊರೆಲ್ಲ ಮುಗಿಬೀಳುವ ಶಾಲೆ. ಒಂದು ಕಿಲೋಮೀಟರಿನೊಳಗೆ ಮನೆಯಿದ್ದವರಿಗೆ ಮೊದಲು ಸೀಟು, ಆಚೆಯವರಿಗೆ ವೇಟಿಂಗ್ ಲಿಸ್ಟು. ಶಾಲೆಯಿಂದ ಅಳೆಯುತ್ತ ಬಂದ ಧೀರೇಂದ್ರ ಮಾಸ್ತರರು ಬೀದಿ ಸುತ್ತಿ ಮುಂಬಾಗಿಲಿಗೆ ಬರುವಷ್ಟರಲ್ಲಿ, ಕಿಲೋಮೀಟರು ಮನೆಗಿಂತ ಮೊದಲೇ ಸಿಗುವ ಹಿಟ್ಟಿನ ಗಿರಣಿಯ ಮುಂದೆಯೇ ಮುಗಿದುಹೋಗಿತ್ತು.

“ಹಿಂದಿನ ಸಂದ್ಯಾಗ ಬಂದ್ರ ಭಾಳ ಹತ್ರ ಆಕ್ಕೈತ್ರಿ ಸರ,” ಎಂದಳು ಸೊಸೆ ನೇತ್ರಾ.

“ಅಳತಿ ತಲಬಾಗಲಿಗೇ ರೀ, ಅಕ್ಕಾರ. ಹಿತ್ತಲ ಬಾಗಲ ನಡ್ಯಂಗಿಲ್ಲ. ತಕರಾರಿದ್ರ ಸೋಮವಾರ ಮತ್ತೊಮ್ಮೆ ಬರ್ತೀನಿ.”

ದೂರ ಎಂಬ ಮಾತೇ ಶಂಕ್ರೆವ್ವನಿಗೆ ಆಗಿಬರದು. ತವರೂರು ಅಂತೂರ ಬೆಂತೂರದಲ್ಲಿ ಆಕೆ ಹುಡುಗಿಯಾಗಿದ್ದಾಗ, ಶಾಲೆ ದೂರವೆಂದು ಅಪ್ಪ ಮನೆಯಲ್ಲೇ ಕೂಡಿಸಿದ್ದ. ಮೊಮ್ಮಗಳಿಗೂ ಅದೇ ಮಾತೇ?

“ತಲಬಾಗಲ ಅಂದ್ರ ಯಾವುದೋ?” ಎಂದು ಮಗ ಮಹಾದೇವನನ್ನು ಕೇಳಿದಳು.

“ನೀ ರಂಗೋಲಿ ಹಾಕಿ ಹೊಸ್ತಿಲ ಪೂಜಾ ಮಾಡ್ತಿಯಲ್ಲಬೇ, ಅದು.”

ಶಂಕ್ರೆವ್ವ ಸೊಸೆಯಾಗಿ ಬಂದಾಗ ಅಕ್ಕಿ ತುಂಬಿದ ಸೇರು ಒದ್ದು ಮನೆ ತುಂಬಿದ್ದು ಆ ಮುಂದಿನ ಹೊಸ್ತಿಲಲ್ಲಿ. ಒಂದು ದಿನವೂ ಅದನ್ನು ಬರಿದಾಗಿ ಬಿಟ್ಟವಳಲ್ಲ. ಅದಕ್ಕೊಮ್ಮೆ ಕೈಮುಗಿದು, ಸೆರಗು ಸೊಂಟಕ್ಕೆ ಸಿಗಿಸಿದಳು.

“ಏಳ್ರಿ. ಮನಿ ತಿರುಗಸೂಣು.”

ರವಿವಾರವಿಡೀ ಮನೆಗೆ ಹುಚ್ಚು ಹಿಡಿಯಿತು. ಮಹಾದೇವ ಹೆಸರಿನ ಹಲಗೆ ಕಿತ್ತು ಹಿಂದೆ ಬಡಿಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡ. ತೋರಣ ಹಿಂದಕ್ಕೆ ಹೋಯಿತು, ಚಪ್ಪಲಿಗಳು ಹೋದವು. ಬಂದ ಬೀಗರು ಮೊದಲು ಅಡುಗೆಮನೆಗೇ ಕಾಲಿಡಬೇಕೆಂದು ಹೊಳೆದು, ನೇತ್ರಾ ನಗು ತಡೆಯಲಾರದೆ ನೆಲಕ್ಕೆ ಕುಂತಳು. ಇನ್ನು ಮುಂದೆ ಬೀದಿಯ ಕಡೆಗೇ ಕಟ್ಟಬೇಕಾದ ಎಮ್ಮೆಯನ್ನು ಪಡಸಾಲೆಯಿಂದ ದಾಟಿಸುವಾಗ ಅದು ನಡುವೆ ನಿಂತು, ಟೀವಿ ನೋಡಿ, ಸಗಣಿ ಹಾಕಿಯೇ ಮುಂದೆ ಹೋಯಿತು. ಮರುದಿನ ಬೆಳಗ್ಗೆ ಶಂಕ್ರೆವ್ವ ಹಿಂದಿನ ಹೊಸ್ತಿಲು ತೊಳೆದು, ಅರಿಷಿಣ ಕುಂಕುಮ ಏರಿಸಿ, ಕೈಮುಗಿದಳು.

ಸಂಜೆ ಮಾಸ್ತರರು ಸಂದಿಯಿಂದ ಅಳೆಯುತ್ತ ಬಂದರು. ಕಿಲೋಮೀಟರು ಇನ್ನೂ ಮುಗಿದಿರಲಿಲ್ಲ. ಹೊಸ ತಲೆಬಾಗಿಲಿನ ಮುಂದೆ ಖುರ್ಚಿ ಹಾಕಿಸಿಕೊಂಡು ಚಹಾ ಬಾಯಿಗಿಟ್ಟಿದ್ದರಷ್ಟೇ. ಮೇಯಲು ಹೋಗಿದ್ದ ಎಮ್ಮೆ ಹಳೇ ರೂಢಿಯಂತೆ ಸಂದಿಯಲ್ಲಿ ಬಂದು, ಖುರ್ಚಿ ನೂಕಿ, ರಂಗೋಲಿ ತುಳಿದು, ತೋರಣಕ್ಕೆ ಬಾಯಿ ಹಾಕಿತು.

“ಶಂಕ್ರೆವ್ವಾರ, ಖರೆ ಹೇಳ್ರಿ,” ಎಂದರು ಮಾಸ್ತರರು ಅಂಗಿಯ ಮೇಲಿನ ಚಹಾ ಒರೆಸಿಕೊಳ್ಳುತ್ತ. “ಇದು ತಲಬಾಗಲೇನು?”

ಮಹಾದೇವ ಎಮ್ಮೆಯ ಹಗ್ಗ ಹಿಡಿಯಲು ಓಡಿದ. ಶಂಕ್ರೆವ್ವ ಮಾತ್ರ ಅಳುಕಲಿಲ್ಲ.

“ಮೊನ್ನಿತನಾ ಹಿತ್ತಲ ಬಾಗಲ ಇತ್ರಿ. ಇವತ್ತ ಪೂಜಾ ಮಾಡೀನಿ, ಇನ್ನ ಇದ ತಲಬಾಗಲ. ನಾ ಸಾಯೂತನಾ ಇದಕ್ಕ ಪೂಜಾ. ಎಮ್ಮಿಗೆ ಇನ್ನೂ ತಿಳಿದಿಲ್ರಿ, ತಿಳಿತೈತಿ.”

ಮಾಸ್ತರರು ಹೊಸ್ತಿಲ ಮೇಲಿನ ಹಸಿ ಕುಂಕುಮ ನೋಡಿದರು, ತೋರಣ ಮೆಲ್ಲುತ್ತಿದ್ದ ಎಮ್ಮೆಯನ್ನು ನೋಡಿದರು. ನಗು ಉಕ್ಕಿತು.

“ತಲಬಾಗಲ ಯಾವಾಗಿಂದ ಅಂತ ನಿಯಮದಾಗ ಕೇಳಿಲ್ರಿ,” ಎಂದರು. “ಆದ್ರ ತಿರುಗಿ ತಿರುಗಸಬ್ಯಾಡ್ರಿ ಮತ್ತ.”

ಸೀಟು ಸಿಕ್ಕಿತು. ಶಾಲೆಯ ಮೊದಲ ದಿನ ಮುಗಿಸಿ ಅಂಕಿತಾ ಸಂದಿಯಿಂದ ಓಡುತ್ತ ಬಂದಾಗ, ಹೊಸ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇತ್ತು.

“ಇದು ಸೊಸಿ ಬಂದಾಗ ಇಡೂದಲ್ಲೇನಬೇ?” ಎಂದ ಮಹಾದೇವ.

“ಈ ಬಾಗಲದಾಗ ಇನ್ನೂ ಯಾರೂ ಮನಿ ತುಂಬಿಲ್ಲ. ಸಾಲಿ ಕಲತ ಬಂದಾಳ, ಆಕಿನ ತುಂಬಲಿ. ಒದಿಯವಾ.”

ಬೂಟು ಕಳಚಿ ಅಂಕಿತಾ ಒದ್ದ ರಭಸಕ್ಕೆ ಅಕ್ಕಿ ಅಡುಗೆಮನೆ ದಾಟಿ ಪಡಸಾಲೆಯ ತನಕ ಚೆಲ್ಲಿತು. ಶಂಕ್ರೆವ್ವನಿಗೆ ನಗುತ್ತಿದ್ದಂತೆಯೇ ಅಳು ಬಂತು.

“ಇನ್ನೊಮ್ಮೆ ಒದಿಲೇನ ಆಯಿ?”

“ನಾಳಿನೂ ಸಾಲಿಗೆ ಹೋಗಿ ಬಾ,” ಎಂದಳು ಶಂಕ್ರೆವ್ವ, ಅಕ್ಕಿ ಬಳಿಯುತ್ತ. “ನಾಳಿನೂ ಇಡ್ತೀನಿ.”